ಮಹಡಿ ಕೋಣೆಯ ಸ್ಪೀಕರುಗಳು

ಮೊದಲನೆಯ ದಿನವೇ ಅವನು ಅವಳ ಕೈಯಲ್ಲಿ ಬೈಸಿಕೊಂಡ.

ನಗೋಯಾದ ಓಸು ಬಜಾರಿನಲ್ಲಿ ಓಗುರಿಯವರ ಆಡಿಯೋ ಅಂಗಡಿ. ಕೆಳಗೆ ರೇಡಿಯೋ, ವೈರು, ಪ್ಲಗ್ಗುಗಳ ಗದ್ದಲ. ಮಹಡಿಯ ಮೇಲೆ ಮಾತ್ರ ಒಂದು ಸದ್ದಿಲ್ಲದ ಕೋಣೆ, ಅದರೊಳಗೆ ಎರಡು ದೊಡ್ಡ ಸ್ಪೀಕರುಗಳು. ಒಂದೊಂದೂ ಸುಮಿಯೆಯ ಎದೆಯೆತ್ತರ, ಅಕ್ರೋಟ್ ಮರದ ಮೈ, ಮುಂದೆ ಕಂದು ಬಟ್ಟೆ. ಆ ಕೋಣೆಯ ಉಸ್ತುವಾರಿ ಸುಮಿಯೆಯದು. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ, ಕಾರ್ಖಾನೆಯ ಬೂದು ಅಂಗಿಯಲ್ಲೇ ಬಂದ ಒಬ್ಬ ಮನುಷ್ಯ ಎಡಗಡೆಯ ಸ್ಪೀಕರಿನ ಹತ್ತಿರ ಹೋಗಿ, ಬೆರಳ ಗೆಣ್ಣಿನಿಂದ ಅದರ ಮೈಯನ್ನು ಟಕ್ ಟಕ್ ಎಂದು ಬಡಿದ.

"ದಯವಿಟ್ಟು ಕೈ ಹಚ್ಚಬೇಡಿ. ಅದು ಕಲ್ಲಂಗಡಿ ಹಣ್ಣಲ್ಲ," ಎಂದಳು ಸುಮಿಯೆ.

ಅವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಸೊಂಟ ಬಗ್ಗಿಸಿದ. ತಪ್ಪಾಯಿತೆಂದು ನೆಲಕ್ಕೆ ಹೇಳಿ, ಇದರ ಬೆನ್ನಲ್ಲಿ ಒಂದು ಸ್ಕ್ರೂ ಸಡಿಲವಾಗಿದೆ, ಅಷ್ಟೇ ತಿಳಿಸೋಣವೆಂದು ಬಡಿದೆ ಎಂದ. ಸುಮಿಯೆಗೆ ಮೈಯೆಲ್ಲ ಉರಿಯಿತು. ಎರಡು ವರ್ಷದಿಂದ ದಿನಾ ಒರೆಸಿ, ನುಡಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವಳು ತಾನು. ಆದರೂ ಅವನು ಮೆಟ್ಟಿಲಿಳಿದು ಹೋದ ಮೇಲೆ ಸುಮ್ಮನಿರಲಾಗದೆ ಸ್ಕ್ರೂಡ್ರೈವರ್ ಹಿಡಿದು ಹಿಂದೆ ಹೋದಳು. ಹದಿನಾರು ಸ್ಕ್ರೂಗಳಲ್ಲಿ ಏಳನೆಯದು ಅರ್ಧ ಸುತ್ತು ಸಡಿಲವಾಗಿತ್ತು.

ಮುಂದಿನ ಶನಿವಾರ ಎರಡು ಗಂಟೆಗೆ ಅವನು ಮತ್ತೆ ಬಂದ. ಈ ಸಲ ಕೈಗಳನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದ.

"ಏಳನೇದು," ಎಂದಳು ಸುಮಿಯೆ, ಅವನ ಕಡೆ ನೋಡದೆ.

"ಓಹ್. ನಾನು ಎಂಟನೇದು ಅಂದ್ಕೊಂಡಿದ್ದೆ," ಎಂದು ಅವನು ತೀರಾ ಗಂಭೀರವಾಗಿ ಹೇಳಿದ. ಸುಮಿಯೆಗೆ ನಗು ಬಂದುಬಿಟ್ಟಿತು. ಅಲ್ಲಿಗೆ ಅವಳ ಕಥೆ ಮುಗಿಯಿತೆಂದೇ ಇಟ್ಟುಕೊಳ್ಳಿ.

ಅವನ ಹೆಸರು ನಿವಾ ಕೋಹೇ. ವಯಸ್ಸು ಮೂವತ್ತಾರು. ವಿದ್ಯುತ್ ಕಂಬಗಳ ಮೇಲೆ ಬಿಳಿ ಪಿಂಗಾಣಿಯ ಬಿಲ್ಲೆಗಳು ಕೂತಿರುತ್ತವಲ್ಲ, ಅವನ್ನು ಮಾಡುವ ಕಾರ್ಖಾನೆಯಲ್ಲಿ ಅವನದು ಕೇಳುವ ಕೆಲಸ. ಸುಡುವ ಗೂಡಿನಿಂದ ಬಂದ ಪ್ರತಿಯೊಂದು ಬಿಲ್ಲೆಯನ್ನೂ ಪುಟ್ಟ ಮರದ ಸುತ್ತಿಗೆಯಿಂದ ತಟ್ಟಿ ಕಿವಿಗೊಡಬೇಕು. ಗಟ್ಟಿಯಾದದ್ದು ಟಿಣ್ ಎನ್ನುತ್ತದೆ, ಒಳಗೆ ಕೂದಲೆಳೆಯ ಬಿರುಕಿದ್ದರೂ ಸದ್ದು ಮಂಕಾಗುತ್ತದೆ. ದಿನಕ್ಕೆ ಸಾವಿರ ಸಲ ಟಿಣ್ ಅನ್ನಿಸಿಕೊಂಡ ಕಿವಿಯನ್ನು ವಾರಕ್ಕೊಮ್ಮೆಯಾದರೂ ತೊಳೆಯಬೇಕು, ಅದಕ್ಕೇ ಇಲ್ಲಿಗೆ ಬರುತ್ತೇನೆ ಎಂದ.

ಕೇಳುವ ಕೋಣೆಗೆ ಅದರದೇ ಆದ ಶಿಸ್ತು. ನಡುವೆ ಒಂದೇ ಒಂದು ಕುರ್ಚಿ. ಎರಡೂ ಸ್ಪೀಕರುಗಳ ಸದ್ದು ಸರಿಯಾಗಿ ಬಂದು ಕೂಡುವುದು ಆ ಕುರ್ಚಿಯಲ್ಲಿ ಕೂತವರ ಕಿವಿಗೆ ಮಾತ್ರ. ಸುಮಿಯೆಯ ಜಾಗ ಎಡಗಡೆ, ಟರ್ನ್‌ಟೇಬಲ್ಲಿನ ಪಕ್ಕ. ರೆಕಾರ್ಡು ತಿರುಗುವಾಗ ಯಾರೂ ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಒಂದು ಮಗ್ಗುಲು ಮುಗಿಯಲು ಇಪ್ಪತ್ತೆರಡು ನಿಮಿಷ. ಆಮೇಲೆ ರೆಕಾರ್ಡನ್ನು ಮಗುಚಿ ಹಾಕಲು ಒಂದು ನಿಮಿಷ. ಮಾತೇನಿದ್ದರೂ ಆ ಒಂದು ನಿಮಿಷದಲ್ಲಿ.

ಹೀಗಾಗಿ ಸುಮಿಯೆಗೆ ಅವನ ಮುಖಕ್ಕಿಂತ ಮೊದಲು ಅವನ ಎಡಗಿವಿ ಪರಿಚಯವಾಯಿತು. ಸಣ್ಣ ಕಿವಿ, ಹಾಲೆ ಸ್ವಲ್ಪ ದಪ್ಪ. ಚೆಲ್ಲೋದ ಮಂದ್ರ ಬಂದಾಗ ಅದು ಒಂದಿಷ್ಟು ಹಿಂದಕ್ಕೆ ಸರಿಯುತ್ತಿತ್ತು. ಅವಳು ಹೆಚ್ಚು ಹೊತ್ತು ನೋಡಿದರೆ ತುದಿಯಿಂದ ಕೆಂಪಾಗುತ್ತಾ ಬರುತ್ತಿತ್ತು. ತಿರುಗಿ ನೋಡದೆಯೇ ಅವನಿಗೆ ಹೇಗೆ ತಿಳಿಯುತ್ತಿತ್ತೋ ಕಾಣೆ. ಕೆಂಪಾದ ಕೂಡಲೇ ಇವಳು ಕಣ್ಣು ಕಿತ್ತು ರೆಕಾರ್ಡಿನ ಮೇಲೆ ನೆಡುತ್ತಿದ್ದಳು. ಐದು ನಿಮಿಷ ಬಿಟ್ಟು ಮತ್ತೆ ಅದೇ ಆಟ.

ಒಂದು ನಿಮಿಷದ ಕೆಲಸವನ್ನು ಮೂರು ನಿಮಿಷಕ್ಕೆ ಎಳೆಯುವ ವಿದ್ಯೆಯನ್ನೂ ಅವಳು ಕಲಿತಳು. ಮೊದಲು ಬ್ರಷ್ಷಿನಿಂದ ರೆಕಾರ್ಡಿನ ಧೂಳು ತೆಗೆಯುವುದು, ಆಮೇಲೆ ಮುಳ್ಳಿನ ತುದಿ ಒರೆಸುವುದು, ಆಮೇಲೆ ಒರೆಸಿದ್ದನ್ನೇ ಬೆಳಕಿಗೆ ಹಿಡಿದು ನೋಡುವುದು.

"ಇವತ್ತು ಧೂಳು ಜಾಸ್ತಿ ಅನ್ಸುತ್ತೆ," ಎಂದ ನಿವಾ ಒಂದು ದಿನ.

"ಹೌದು. ಶನಿವಾರ ಯಾಕೋ ಜಾಸ್ತಿ ಇರತ್ತೆ."

"ಬೇರೆ ದಿನ?"

"ಬೇರೆ ದಿನ ನಾನು ನೋಡೋಕೆ ಹೋಗಲ್ಲ," ಎಂದು ಮುಳ್ಳು ಇಳಿಸಿಬಿಟ್ಟಳು. ಉತ್ತರ ಕೊಡಬೇಕೆಂದಿದ್ದವನು ಇಪ್ಪತ್ತೆರಡು ನಿಮಿಷ ಬಾಯಿ ಕಟ್ಟಿಕೊಂಡು ಕೂರಬೇಕಾಯಿತು. ಕಿವಿ ಮಾತ್ರ ಕೆಂಡದ ಹಾಗಿತ್ತು.

ಮಹಡಿಗೆ ಬರುವ ಉಳಿದವರು ವೈದ್ಯರು, ವಕೀಲರು, ಕಂಪನಿಯ ದೊಡ್ಡವರು. ಅವರಿಗೆ ವಾಟ್ ಎಷ್ಟು, ತೂಕ ಎಷ್ಟು, ಟೋಕಿಯೋದಲ್ಲಿ ಯಾರ ಮನೆಯಲ್ಲಿದೆ ಎಂಬುದು ಬೇಕು. ನಿವಾ ನೋಡುವ ರೀತಿಯೇ ಬೇರೆ. ಆಂಪ್ಲಿಫಯರಿನ ಮುಂದೆ ಮೊಣಕಾಲೂರಿ, ಗಾಜಿನ ವಾಲ್ವುಗಳೊಳಗೆ ಕಿತ್ತಳೆ ಬೆಳಕು ಮೆಲ್ಲಗೆ ಹೊತ್ತಿಕೊಳ್ಳುವುದನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಟರ್ನ್‌ಟೇಬಲ್ಲಿನ ಭಾರದ ತಟ್ಟೆಯನ್ನು ಬೆರಳಿನಿಂದ ಒಮ್ಮೆ ತಿರುಗಿಸಿ ಬಿಟ್ಟರೆ ಅದು ನಿಲ್ಲಲು ಎಷ್ಟು ಹೊತ್ತು ಹಿಡಿಯುತ್ತದೆಂದು ಎಣಿಸುತ್ತಿದ್ದ. ಸುಮಿಯೆಯ ಅಪ್ಪಣೆ ಪಡೆದ ಮೇಲೆಯೇ, ಆ ಮಾತು ಬೇರೆ. ಎರಡು ಸ್ಪೀಕರುಗಳ ಹೊದಿಕೆಯೂ ಒಂದೇ ಮರದ ಒಂದೇ ಹಲಗೆಯನ್ನು ಸೀಳಿ ಮಾಡಿದ್ದು, ಎಡಗಡೆಯ ಗೆರೆಗಳು ಬಲಗಡೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ನಿಂತಿವೆ ಎಂದು ಎರಡು ವರ್ಷದಲ್ಲಿ ಕಂಡುಹಿಡಿದ ಗ್ರಾಹಕ ಅವನೊಬ್ಬನೇ. ಅವಳು ಅದನ್ನು ಮೊದಲನೇ ದಿನವೇ ಕಂಡಿದ್ದಳು. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಸ್ಪೀಕರುಗಳನ್ನು ಪಳಗಿಸಿದ್ದು ತಾನೇ ಎಂದೂ ಅವನಿಗೆ ಹೇಳಿದಳು. ಈ ಹುಚ್ಚಿನವರಿಗೆ ಗೊತ್ತಿರುವ ವಿಷಯವೇ. ಪೆಟ್ಟಿಗೆಯಿಂದ ತೆಗೆದ ಹೊಸ ಸ್ಪೀಕರು ಹೊಸ ಚಪ್ಪಲಿಯ ಹಾಗೆ ಬಿಗಿ. ನೂರಾರು ಗಂಟೆ ನುಡಿಸಿದ ಮೇಲೆಯೇ ಅದರ ಗಂಟಲು ಸಡಿಲವಾಗುವುದು. ಯಾರು, ಏನು ಕೇಳುತ್ತಾ ಪಳಗಿಸುತ್ತಾರೋ ಅವರ ಗುಣವೇ ಅದಕ್ಕೆ ಬರುತ್ತದೆಂದು ನಮ್ಮಲ್ಲಿ ಬಲವಾಗಿ ನಂಬುತ್ತಾರೆ. ಸುಮಿಯೆ ಎರಡು ವರ್ಷ ದಿನಾ ಬೆಳಿಗ್ಗೆ ಒಂಬತ್ತಕ್ಕೇ ಬಂದು, ಅಂಗಡಿ ತೆರೆಯುವ ತನಕ ಒಂದು ಗಂಟೆ ಒಬ್ಬಳೇ ಕೂತು ತನ್ನ ಮನೆಯ ರೆಕಾರ್ಡುಗಳನ್ನೇ ನುಡಿಸಿದ್ದಳು.

"ಅದಕ್ಕೇ ಮತ್ತೆ," ಎಂದ ನಿವಾ.

"ಏನು ಅದಕ್ಕೇ?"

ಅವನು ಎಡಗಡೆಯ ಸ್ಪೀಕರಿನ ಕಡೆ ಕೈ ತೋರಿಸಿದ. "ಇದೇ ಸ್ಪೀಕರನ್ನ ಬೇರೆ ಎರಡು ಅಂಗಡೀಲಿ ಕೇಳಿದೀನಿ. ಅಲ್ಲೂ ಈ ರೆಕಾರ್ಡಿನ ಹೆಂಗಸು ಚೆನ್ನಾಗೇ ಹಾಡ್ತಾಳೆ. ಇಲ್ಲಿ ಹಾಡೋವಾಗ ಮಾತ್ರ ಅವಳಿಗೆ ಯಾರದೋ ಜ್ಞಾಪಕ ಬಂದಿರತ್ತೆ."

ಸುಮಿಯೆ ಆ ದಿನ ಮಗುಚಿದ ರೆಕಾರ್ಡನ್ನು ಮತ್ತೆ ಮಗುಚಿ ಹಳೆಯ ಮಗ್ಗುಲನ್ನೇ ಹಾಕಿದಳು. ಅವನು ಗೊತ್ತಾದರೂ ಏನೂ ಹೇಳದೆ ಇಪ್ಪತ್ತೆರಡು ನಿಮಿಷ ಅದನ್ನೇ ಎರಡನೇ ಸಲ ಕೇಳಿದ.

ಪ್ರೀತಿ ಎಂದು ಅವಳು ಅದಕ್ಕೆ ಹೆಸರಿಟ್ಟುಕೊಂಡದ್ದು ಅದೇ ದಿನ. ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಬೇಕಾಗಿದ್ದದ್ದು ಅವನ ಬಾಯಿಂದ ಒಂದು ಮಾತು, ಅದೂ ಬೇಗ.

ಬೇಗ ಯಾಕೆಂದರೆ ಮನೆಯಲ್ಲಿ ಸಂಬಂಧ ಬಂದಿತ್ತು. ಸುಮಿಯೆಗೆ ಇಪ್ಪತ್ತೊಂಬತ್ತು. ಅವಳ ಹಿಂದೆ ತಂಗಿ ನತ್ಸುಯೋ ಮದುವೆಗೆ ನಿಂತಿದ್ದಳು. ಅಕ್ಕನದಾಗದೆ ತಂಗಿಯದನ್ನು ಎತ್ತುವ ಹಾಗಿಲ್ಲ. ಅತ್ತೆಯೊಬ್ಬರು ಓಡಾಡಿ ಒಕಝಾಕಿ ಊರಿನ, ಸೋಯಾ ಕಾಳು ಹುದುಗಿಸಿ ಮಿಸೋ ಮಾಡುವ ಮನೆತನದ ಮಗನನ್ನು ತಂದಿದ್ದರು. ಹೆಸರು ಮೊರಿಶಿಮಾ ತಕುಜಿ. ಹೋಟೆಲಿನಲ್ಲಿ ಹೆಣ್ಣು ನೋಡುವ ಶಾಸ್ತ್ರವೂ ಆಯಿತು. ಅಗಲ ಭುಜದ, ಮೆತ್ತಗೆ ಮಾತಾಡುವ ಮನುಷ್ಯ. ಸಿಗಡಿ ಕರಿದದ್ದನ್ನು ಬಾಲದ ಸಮೇತ ಚಪ್ಪರಿಸಿ ತಿಂದ. ನೀವೇನು ಕೆಲಸ ಮಾಡುತ್ತೀರೆಂದು ಕೇಳಿದ. ಸ್ಪೀಕರು ಪಳಗಿಸುತ್ತೇನೆ ಎಂದು ಸುಮಿಯೆ ಬೇಕೆಂದೇ ವಿಚಿತ್ರವಾಗಿ ಹೇಳಿದರೆ, ಅವನು ನಗದೆ ತಲೆಯಾಡಿಸಿದ. ಬೇಡವೆನ್ನಲು ಅವಳಿಗೆ ಒಂದು ಕೊಂಕೂ ಸಿಗಲಿಲ್ಲ. ಹೊಸ ವರ್ಷದೊಳಗೆ ಉತ್ತರ ಹೇಳಬೇಕೆಂದು ಅಮ್ಮ ಗಡುವು ಹಾಕಿದಳು.

ನವೆಂಬರಿನ ಕೊನೆಯ ಶನಿವಾರ, ರೆಕಾರ್ಡು ಮಗುಚುವಾಗ ಸುಮಿಯೆ ಬ್ರಷ್ಷನ್ನು ನೋಡುತ್ತಲೇ ಹೇಳಿದಳು, ಬರುವ ವರ್ಷ ನಾನು ಈ ಕೋಣೆಯಲ್ಲಿ ಇರಲಿಕ್ಕಿಲ್ಲ, ಒಕಝಾಕಿಯಿಂದ ಸಂಬಂಧ ಬಂದಿದೆ.

"ಒಳ್ಳೇ ಮನೆತನವಾ?" ಎಂದ ನಿವಾ.

"ಹೌದಂತೆ."

ಇನ್ನೊಂದು ಮಾತಿಗಾಗಿ ಅವಳು ಮುಳ್ಳು ಒರೆಸಿದಳು, ಮತ್ತೆ ಒರೆಸಿದಳು. ಬರಲಿಲ್ಲ. ಮುಳ್ಳು ಇಳಿಸಿದಳು. ಇಪ್ಪತ್ತೆರಡು ನಿಮಿಷವೂ ಅವನ ಕಿವಿಯನ್ನೇ ನೋಡುತ್ತಾ ನಿಂತಳು. ಅವತ್ತು ಅದು ಕೆಂಪಾಗಲಿಲ್ಲ, ಬಿಳಿಚಿಕೊಂಡಿತ್ತು. ಕೊನೆಯಲ್ಲಿ ಅವನು ಎದ್ದು ಸೊಂಟ ಬಗ್ಗಿಸಿ ಹೊರಟುಹೋದ.

ಮುಂದಿನ ಶನಿವಾರ ಅವನು ಸೂಟು ಹಾಕಿಕೊಂಡು, ಟೈ ಕಟ್ಟಿಕೊಂಡು ಬಂದ. ಮೆಟ್ಟಿಲ ಮೇಲಿಂದ ಅದನ್ನು ಕಂಡ ಸುಮಿಯೆ ಕೂದಲು ಸರಿಮಾಡಿಕೊಂಡಳು. ಸೂಟು ಹಾಕಿಕೊಂಡು ಯಾರೂ ಸುಮ್ಮನೆ ಬರುವುದಿಲ್ಲ. ಆದರೆ ಅವನು ಮಹಡಿಗೆ ಬರದೆ ನೇರವಾಗಿ ಓಗುರಿ ಯಜಮಾನರ ಮೇಜಿಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಯಜಮಾನರು ಮೆಟ್ಟಿಲ ಕೆಳಗೆ ಬಂದು, ಬೋಳು ತಲೆ ಸವರಿಕೊಳ್ಳುತ್ತಾ ಅವಳನ್ನು ಕರೆದರು.

"ಸುಮಿಯೆ, ನಿಮ್ಮ ನಿವಾ ಅವರು ಕೊನೆಗೂ ಮನಸ್ಸು ಮಾಡಿದ್ರು ನೋಡಮ್ಮ. ಸ್ಪೀಕರು ಕೊಳ್ತಾರಂತೆ. ಹೊಸದು ಬೇಡ, ಮಹಡಿ ಮೇಲಿರೋ ಜೋಡೀನೇ ಕೊಡಿ ಅಂತಾರೆ."

ಪ್ರದರ್ಶನಕ್ಕಿಟ್ಟ ಸಾಮಾನು ಎಂದರೆ ಬೆಲೆ ಕಡಿಮೆ. ಅದಕ್ಕಾಗಿ ಹೊಂಚುಹಾಕಿ ಕಾಯುವ ಗ್ರಾಹಕರನ್ನು ಸುಮಿಯೆ ಬೇಕಾದಷ್ಟು ಕಂಡಿದ್ದಳು. ಇಷ್ಟು ಶನಿವಾರ ಬಂದದ್ದು ಈ ಪೆಟ್ಟಿಗೆಗಳಿಗೆ. ನಾನು ಹೋಗುತ್ತೇನೆಂದರೆ, ನಾನಿರುವಷ್ಟರಲ್ಲಿ ಪೆಟ್ಟಿಗೆ ದಕ್ಕಿಸಿಕೊಳ್ಳೋಣವೆಂದು ಓಡಿಬಂದಿದ್ದಾನೆ. ಗೋದಾಮಿನಲ್ಲಿ ರಟ್ಟಿನ ಡಬ್ಬಗಳ ಹಿಂದೆ ನಿಂತು ಚೆನ್ನಾಗಿ ಅತ್ತಳು, ಅವನನ್ನು ಮನಸಾರೆ ಬೈದಳು. ಬೈದು ಮುಗಿದ ಮೇಲೂ ಪ್ರೀತಿ ಇದ್ದಲ್ಲೇ ಇತ್ತು. ಆಯಿತು, ಅವನ ಸಂತೋಷ ಪೆಟ್ಟಿಗೆಯಲ್ಲೇ ಇದ್ದರೆ ಅದಾದರೂ ಮುಕ್ಕಾಗದೆ ಸಿಗಲಿ ಎಂದುಕೊಂಡು ಮುಖ ತೊಳೆದು ಯಜಮಾನರ ಹತ್ತಿರ ಹೋದಳು. ಮಹಡಿಯ ಜೋಡಿಯನ್ನು ನೂರು ಜನ ಮುಟ್ಟಿದ್ದಾರೆ, ಬಲಗಡೆಯದರ ಮೂಲೆಯಲ್ಲಿ ಸಿಗರೇಟಿನ ಕಲೆ ಇದೆ. ಅದೇ ಬೆಲೆಗೆ ಗೋದಾಮಿನ ಹೊಸ ಜೋಡಿ ಕೊಡಿ, ನನ್ನ ಮದುವೆಗೆ ನೀವು ಕೊಡುವ ಉಡುಗೊರೆ ಅದೇ ಎಂದುಕೊಳ್ಳುತ್ತೇನೆ ಎಂದು ಬೇಡಿಕೊಂಡಳು. ಯಜಮಾನರು ಅವಳ ಕೆಂಪು ಕಣ್ಣು ನೋಡಿ ಹೂಂ ಎಂದರು.

ಸುದ್ದಿಯನ್ನು ಅವಳೇ ಹೇಳಿದಳು, ಮುಖದ ತುಂಬ ನಗು ತಂದುಕೊಂಡು. "ನಿವಾ ಅವರೇ, ಹಳೇದು ಬೇಡ. ನಿಮಗೆ ಸೀಲು ಒಡೆಯದ ಹೊಸ ಜೋಡಿ ಕೊಡಿಸಿದೀನಿ. ಬೆಲೆ ಹಳೇದರದ್ದೇ."

ನಿವಾ ಅವಳನ್ನು ಅಷ್ಟು ನೆಟ್ಟಗೆ ನೋಡಿದ್ದು ಅದೇ ಮೊದಲು.

"ಹೊಸದು," ಎಂದ. ಆಮೇಲೆ, "ಇಷ್ಟು ತೊಂದರೆ ತಗೊಂಡ್ರಿ. ದೊಡ್ಡ ಉಪಕಾರವಾಯ್ತು."

ಯಾರಾದರೂ ನಮಗಾಗಿ ಬೆನ್ನು ಬಗ್ಗಿಸಿ ಉಪಕಾರ ಮಾಡಿದರೆ, ಬೇಡವೆಂದು ಹೇಳಲು ನಮ್ಮ ಊರಿನವರಿಗೆ ಬಾಯಿಲ್ಲ. ಇದೊಂದು ಶಾಪ. ಅವನು ಮೂರು ಸಲ ಸೊಂಟ ಬಗ್ಗಿಸಿ ವಿಳಾಸ ಬರೆದುಕೊಟ್ಟು ಹೋದ. ಸ್ಪೀಕರುಗಳು ಬುಧವಾರ ಹೋದವು. ಆ ಶನಿವಾರ ಎರಡು ಗಂಟೆಗೆ ಕುರ್ಚಿ ಖಾಲಿ ಇತ್ತು. ಮುಂದಿನ ಶನಿವಾರವೂ, ಅದರ ಮುಂದಿನದೂ. ಸುಮಿಯೆ ಮೆಟ್ಟಿಲ ಸದ್ದಿಗೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಬೇಕಾದ ಸಾಮಾನು ಸಿಕ್ಕವನು ಅಂಗಡಿಗೆ ಯಾಕೆ ಬರುತ್ತಾನೆ? ವರ್ಷದ ಕೊನೆಯ ದಿನ ಅಮ್ಮನಿಗೆ ಒಪ್ಪಿಗೆ ಎಂದಳು. ಜನವರಿಯ ಒಳ್ಳೆಯ ದಿನದಲ್ಲಿ ನಿಶ್ಚಿತಾರ್ಥದ ಸಾಮಾನು ಬಂದು ಮನೆಯ ಪಡಸಾಲೆ ತುಂಬಿತು. ಚಿನ್ನದ ದಾರದ ಕೊಕ್ಕರೆ, ಒಣಮೀನು, ಅರಳೆ. ಬೀದಿಯವರೆಲ್ಲ ಬಂದು ನೋಡಿಹೋದರು. ಅದರ ಬಲದ ಮೇಲೆ ನತ್ಸುಯೋಗೂ ಒಂದು ಸಂಬಂಧ ಕುದುರಿತು.

ದೊಡ್ಡ ಸ್ಪೀಕರು ಮಾರಿದ ನೂರು ದಿನಕ್ಕೆ ಅಂಗಡಿಯವರು ಗ್ರಾಹಕರ ಮನೆಗೆ ಹೋಗಿ, ಇಟ್ಟ ಜಾಗ, ತಿರುಗಿಸಿದ ಕೋನ ಸರಿಯಿದೆಯೇ ಎಂದು ನೋಡಿಬರುವುದು ಓಗುರಿಯವರ ಪದ್ಧತಿ. ಮಾರ್ಚಿನಲ್ಲಿ ಆ ದಿನ ಬಂದಾಗ ಯಜಮಾನರೇ ಹೊರಟಿದ್ದರು. ಸುಮಿಯೆ ತಾನು ಹೋಗುತ್ತೇನೆಂದಳು. ಮದುವೆಗೆ ಇನ್ನು ಐದು ವಾರವಿತ್ತು.

ನಿವಾನ ಮನೆ ನರುಮಿಯಲ್ಲಿ, ಎರಡು ಸೈಕಲ್ಲು ಎದುರಾದರೆ ಒಂದು ಇಳಿಯಬೇಕಾದಂಥ ಓಣಿಯಲ್ಲಿ. ಅಮ್ಮ ತೀರಿಕೊಂಡ ಮೇಲೆ ಒಬ್ಬನೇ. ಚಾಪೆ ಹಾಸಿನ ಕೋಣೆಯಲ್ಲಿ ಆ ಎರಡು ಸ್ಪೀಕರುಗಳು ಮದುವೆಮನೆಗೆ ಹೊರಟು ದಾರಿ ತಪ್ಪಿ ಬಂದ ದೊಡ್ಡ ನೆಂಟರ ಹಾಗೆ ನಿಂತಿದ್ದವು. ಚಹಾ ಕೊಟ್ಟ, ಉಯಿರೋ ಮಿಠಾಯಿಯನ್ನು ಒಂದೇ ಅಳತೆಯ ತುಂಡು ಮಾಡಿ ಇಟ್ಟ. ಕುರ್ಚಿಯಲ್ಲಿ ಅವಳನ್ನು ಕೂರಿಸಿ ತಾನು ಎಡಗಡೆ ನಿಂತು ರೆಕಾರ್ಡು ಹಾಕಿದ. ಈಗ ಕಿವಿ ಕೆಂಪಾಗುವ ಸರದಿ ಅವಳದು. ಆದರೆ ಹತ್ತು ನಿಮಿಷದಲ್ಲಿ ಅವಳು ಶಿಸ್ತನ್ನೆಲ್ಲ ಮರೆತು ಹಾಡಿನ ನಡುವೆಯೇ ಮಾತಾಡಿದಳು.

"ಇಷ್ಟು ಬಿಗಿ ಇದೆಯಲ್ಲ. ದಿನಾ ಎಷ್ಟು ಹೊತ್ತು ನುಡಿಸ್ತೀರಿ?"

"ಶನಿವಾರ ಎರಡು ಗಂಟೆಗೆ ಒಂದು ರೆಕಾರ್ಡು."

"ಅಷ್ಟೇನಾ? ಹೀಗಾದ್ರೆ ಇದು ಪಳಗೋಕೆ ಹತ್ತು ವರ್ಷ ಬೇಕು. ಇಷ್ಟು ಆಸೆಪಟ್ಟು ಕೊಂಡವರು ನೀವು."

ಅವನು ಮುಳ್ಳು ಎತ್ತಿಟ್ಟ.

"ನಾನು ಕೇಳಿದ್ದು ಇದನ್ನಲ್ಲ. ಮಹಡಿ ಮೇಲಿನದನ್ನ."

"ಅದು ಹಳೇದು. ಕಲೆ ಇತ್ತು."

"ಎರಡು ವರ್ಷ ನೀವು ಕೂತು ಪಳಗಿಸಿದ್ದು ಅದನ್ನ," ಎಂದ ನಿವಾ. ಅವನ ದನಿ ಎಂದಿನಂತೆ ಮೆತ್ತಗಿತ್ತು. "ಅದು ನಮ್ಮನೇಲಿ ಇರಬೇಕು ಅಂತ ಕೇಳಿದೆ. ಕಡಿಮೆಗೆ ಬೇಡ, ಹೊಸದರ ಬೆಲೆಗೇ ಕೊಡಿ ಅಂತಲೂ ಹೇಳಿದೆ. ಓಗುರಿಯವರು ನಿಮಗೆ ಹೇಳಲಿಲ್ವಾ?"

ಓಗುರಿಯವರು ಹೇಳಿರಲಿಲ್ಲ. ಮರ್ಯಾದಸ್ಥರು ಆಡುವ ಉಪಚಾರದ ಮಾತೆಂದು ಬಿಟ್ಟುಬಿಟ್ಟಿದ್ದರು.

"ನನ್ನ ಹತ್ತಿರ ಬಾಯಿಬಿಟ್ಟು ಹೇಳಬಹುದಿತ್ತಲ್ಲ, ನಿವಾ ಅವರೇ."

"ಹೇಳಿದೀನಿ ಅಂದ್ಕೊಂಡಿದ್ದೆ. ಸೂಟು ಹಾಕ್ಕೊಂಡು ಬಂದು, ಹೊಸದು ಬಿಟ್ಟು ಆ ಜೋಡೀನೇ ಕೊಡಿ ಅಂದ್ರೆ, ಬೇರೆ ಯಾರಿಗೆ ಅರ್ಥ ಆಗದಿದ್ರೂ ನಿಮಗೆ ಆಗತ್ತೆ ಅಂತ. ನೀವು ಹೊಸದು ತಂದುಕೊಟ್ರಿ. ನೋಯಿಸದ ಹಾಗೆ ಬೇಡ ಅಂತಿದೀರಿ ಅಂತ ತಿಳ್ಕೊಂಡೆ."

ಸುಮಿಯೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೇರೆ ಯಾವ ಹೆಣ್ಣಾಗಿದ್ದರೂ ಅರ್ಥವಾಗದಿದ್ದುದಕ್ಕೆ ಕ್ಷಮೆ ಇತ್ತು. ಅರ್ಥವಾಗಬೇಕಾಗಿದ್ದದ್ದು ಅವಳೊಬ್ಬಳಿಗೇ. ತನ್ನ ಕೈಯಾರೆ, ನಗುನಗುತ್ತಾ ಅವನನ್ನು ತಿರುಗಿಸಿ ಕಳಿಸಿದ್ದಳು, ಅದೂ ಪ್ರೀತಿಯಿಂದಲೇ.

ನಿವಾ ಚಹಾದ ಬಟ್ಟಲು ಕೆಳಗಿಟ್ಟು ಹೇಳಿದ, "ಹೋಗಬೇಡಿ."

ಇಡೀ ಚಳಿಗಾಲ ಅವಳು ಕಾದದ್ದು ಈ ಮಾತಿಗೆ. ಬಂತು. ಬಂದಾಗ ಮನೆಯ ಪಡಸಾಲೆ ಕಣ್ಣಿಗೆ ಕಟ್ಟಿತು. ಆ ಸಾಮಾನನ್ನೆಲ್ಲ ತಿರುಗಿ ಕಳಿಸುವುದೆಂದರೆ ಅಮ್ಮ ತಲೆ ತಗ್ಗಿಸಿಕೊಂಡು ಬಾಗಿಲು ಬಾಗಿಲಿಗೆ ಹೋಗಬೇಕು. ನತ್ಸುಯೋಳ ಸಂಬಂಧ ಮರುದಿನವೇ ಮುರಿಯುತ್ತದೆ. ಸಿಗಡಿಯ ಬಾಲ ತಿಂದ ಆ ಮನುಷ್ಯ ಏನು ತಪ್ಪು ಮಾಡಿದ್ದ?

"ಯಾರೂ ನನ್ನನ್ನ ಬಲವಂತ ಮಾಡಲಿಲ್ಲ. ಹೂಂ ಅಂದಿದ್ದು ನಾನೇ," ಎಂದಳು ಸುಮಿಯೆ. "ಬಲವಂತ ಮಾಡಿದ್ರೆ ಇವತ್ತು ಎದ್ದು ಬಂದುಬಿಡ್ತಿದ್ದೆ."

ನಿವಾ ತಲೆಯಾಡಿಸಿದ. ಅವನು ಇನ್ನೊಂದು ಸಲ ಹೇಳಿದ್ದರೆ ಏನಾಗುತ್ತಿತ್ತೋ. ಹೇಳಲಿಲ್ಲ. ಅವಳು ಎದ್ದು ಟೇಪು ತೆಗೆದು ಗೋಡೆಯಿಂದ ಅಳತೆ ಹಿಡಿದಳು, ಎಡಗಡೆಯ ಸ್ಪೀಕರನ್ನು ಒಂದು ಬೆರಳಿನಷ್ಟು ಒಳಕ್ಕೆ ತಿರುಗಿಸಿದಳು, ಬಂದ ಕೆಲಸ ಮುಗಿಸಿದಳು. ಓಣಿಯ ಕೊನೆಯ ತನಕ ಅವನು ಜೊತೆಗೆ ಬಂದ. ಇಬ್ಬರೂ ಬಿಸಿಲಿನ ವಿಷಯ ಮಾತಾಡಿದರು.

ನಗೋಯಾದ ಹೆಣ್ಣುಮಕ್ಕಳ ಮದುವೆ ಸಾಮಾನು ಲಾರಿಯಲ್ಲಿ ಹೋಗಬೇಕು, ಲಾರಿಗೆ ಕೆಂಪು ಬಿಳಿ ಪಟ್ಟೆಯ ಬಟ್ಟೆ ಕಟ್ಟಬೇಕು. ಆ ಲಾರಿ ಒಂದು ಮೊಳವೂ ಹಿಂದಕ್ಕೆ ಸರಿಯಬಾರದು. ಹಿಂದಕ್ಕೆ ಬಂದರೆ ಹೆಣ್ಣು ತವರಿಗೆ ತಿರುಗಿ ಬಂದಳೆಂದೇ ಲೆಕ್ಕ. ಎದುರಿಗೆ ಬಂದ ಗಾಡಿಯವರೇ ಹಿಂದೆ ಸರಿದು ದಾರಿ ಬಿಡುತ್ತಾರೆ. ಏಪ್ರಿಲಿನ ಒಂದು ಶನಿವಾರ ಸುಮಿಯೆಯ ಸಾಮಾನಿನ ಲಾರಿ ಓಡಿಸಿದವನು ಅಮ್ಮನ ತಮ್ಮ ಶೋಜಿ ಮಾಮ. ಬೀರು, ಹಾಸಿಗೆ, ಕನ್ನಡಿ ಏರಿಸಿಯಾಗಿತ್ತು. ಆಗ ಓಗುರಿ ಯಜಮಾನರ ವ್ಯಾನು ಬಂತು. ಅಂಗಡಿಗೆ ಹೊಸ ಮಾದರಿ ಬಂದಿದೆ, ಇವನ್ನು ಪಳಗಿಸಿದವಳು ನೀನು, ನಿನ್ನ ಜೊತೆಗೇ ಇರಲಿ ಎಂದು ಮಹಡಿಯ ಜೋಡಿಯನ್ನೇ ಉಡುಗೊರೆಯಾಗಿ ಇಳಿಸಿದರು. ಸುಮಿಯೆ ಅವುಗಳ ಮೈ ಮುಟ್ಟಿ ನೋಡಿದಳು. ಆಮೇಲೆ ತಾನೂ ಲಾರಿಯಲ್ಲಿ ಹೋಗುವುದಾಗಿ ಹಟ ಹಿಡಿದಳು. ಹೆಣ್ಣು ಸಾಮಾನಿನ ಜೊತೆ ಹೋಗುವುದುಂಟೇ ಎಂದು ಸಂಬಂಧ ತಂದ ಅತ್ತೆ ಮೂಗು ಮುರಿದರು. ಈ ಸ್ಪೀಕರುಗಳನ್ನು ಇನ್ನೊಬ್ಬರ ಕೈಗೆ ಬಿಡುವುದಿಲ್ಲ ಎಂದು ಅವಳು ಮಾಮನ ಪಕ್ಕ ಹತ್ತಿ ಕೂತಳು.

ಒಕಝಾಕಿಯ ಹಳೆಯ ರಸ್ತೆ ನರುಮಿಯ ಮೇಲೆಯೇ ಹೋಗುತ್ತದೆ. ಆ ಓಣಿಯ ಬಾಯಿಗೆ ಬಂದಾಗ ನಿಲ್ಲಿಸಲು ಹೇಳಿದಳು.

"ಒಳಗೆ ಹೋಗಲ್ಲ ಕಣೇ," ಎಂದ ಮಾಮ. "ಹೋದ್ರೆ ಹಿಂದಕ್ಕೇ ಬರಬೇಕು. ನಿಮ್ಮಮ್ಮ ನನ್ನ ಚರ್ಮ ಸುಲೀತಾಳೆ."

ಒಳಗೆ ಬೇಡ, ಇಲ್ಲೇ ನಿಲ್ಲಿ ಎಂದು ಅವಳು ಇಳಿದು ಓಣಿಯಲ್ಲಿ ನಡೆದಳು. ಎರಡಕ್ಕೆ ಐದು ನಿಮಿಷವಿತ್ತು. ನಿವಾ ರೆಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದ.

"ನೀವು ಕೇಳಿದ್ದನ್ನ ತಂದಿದೀನಿ," ಎಂದಳು ಸುಮಿಯೆ.

ಮದುವೆ ಲಾರಿಯಿಂದ ಸಾಮಾನು ಇಳಿಸುವುದು ಅಪಶಕುನವೆಂದು ಶೋಜಿ ಮಾಮ ತಕರಾರು ತೆಗೆದ. ಇಳಿದಷ್ಟೇ ಏರುತ್ತದೆ, ಇವರ ಮನೆಯ ಹೊಸ ಜೋಡಿ ಬರುತ್ತದೆ ಎಂದಳು. ಮಾಮ ಅವಳ ಮುಖ ನೋಡಿದ, ರೆಕಾರ್ಡು ಹಿಡಿದ ಮನುಷ್ಯನ ಮುಖ ನೋಡಿದ. ಅವನೇನು ಮೂರ್ಖನಲ್ಲ. ಇಳಿದಷ್ಟು ಏರಿದರೆ ಇಳಿಸಿದ ಹಾಗಲ್ಲ ಎಂದು ತಾನೇ ತೀರ್ಪು ಕೊಟ್ಟು ಅಂಗಿಯ ತೋಳು ಮಡಚಿದ. ಇಬ್ಬರು ಗಂಡಸರೂ ಏದುಸಿರು ಬಿಡುತ್ತಾ ನಾಲ್ಕು ಪೆಟ್ಟಿಗೆ ಹೊತ್ತರು, ಎರಡು ಒಳಗೆ, ಎರಡು ಹೊರಗೆ. ಹಿಂದೆ ಏಳೆಂಟು ಕಾರು ನಿಂತವು. ಮದುವೆ ಲಾರಿಗೆ ಹಾರನ್ ಹೊಡೆಯುವವರು ನಮ್ಮಲ್ಲಿ ಇಲ್ಲ.

ನಿವಾ ಹಗ್ಗವನ್ನು ತಾನೇ ಕಟ್ಟಿದ. ಗಂಟು ಎರಡು ಸಲ ಬಿಚ್ಚಿ ಮೂರನೇ ಸಲ ಬಿಗಿದ. ಆ ಗಂಟನ್ನು ಇನ್ನೂ ಹತ್ತು ಸಲ ಕಟ್ಟಿದ್ದರೂ ಸುಮಿಯೆ ನಿಂತು ನೋಡುತ್ತಿದ್ದಳು.

"ದಿನಾ ನುಡಿಸಬೇಕು," ಎಂದಳು. "ಬಿಟ್ರೆ ಮತ್ತೆ ಬಿಗಿಯಾಗಿಬಿಡತ್ತೆ."

"ದಿನಾ ನುಡಿಸ್ತೀನಿ. ನಾನಿರೋ ತನಕ ನುಡಿಸ್ತೀನಿ."

ಅವಳಿಗೆ ಈ ಸಲ ಅರ್ಥವಾಯಿತು. ನನಗೂ ನಿಮ್ಮ ಮೇಲೆ ಅಷ್ಟೇ ಪ್ರೀತಿ ಎಂದು ಅವಳು ಸ್ಪಷ್ಟವಾಗಿ, ಮಾಮನಿಗೂ ಕೇಳುವ ಹಾಗೆ ಹೇಳಿದಳು. ಹೇಳಿ ಲಾರಿ ಹತ್ತಿದಳು. ಲಾರಿ ಮುಂದಕ್ಕೆ ಹೋಯಿತು.

ಒಕಝಾಕಿಯ ಮನೆಯಲ್ಲಿ ಗಾಳಿಯೇ ಮಿಸೋ ವಾಸನೆ. ಮೇ ತಿಂಗಳ ಒಂದು ಮಧ್ಯಾಹ್ನ ಸುಮಿಯೆ ಹಿಂದಿನ ಕೋಣೆಯಲ್ಲಿ ಹೊಸ ಜೋಡಿಯನ್ನು ಇಟ್ಟು, ಅಳತೆ ಹಿಡಿದು, ಮೊದಲ ರೆಕಾರ್ಡು ಹಾಕಿದಳು. ಅದೇ ಹೆಂಗಸು ಹಾಡಿದಳು. ಚೆನ್ನಾಗಿಯೇ ಹಾಡಿದಳು, ಯಾರ ಜ್ಞಾಪಕವೂ ಇಲ್ಲದೆ. ತಕುಜಿ ಕೆಲಸದ ನಡುವೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತ. ಸದ್ದು ಹೀಗೇ ಇರಬೇಕಾ ಎಂದು ಕೇಳಿದ. ಇಲ್ಲ, ಬಿಗಿ ಇದೆ, ಇನ್ನೂ ಆರುನೂರು ಗಂಟೆಯಾದರೂ ಬೇಕು ಎಂದಳು. ಅವನು ನಗಬಹುದೆಂದು ಅವಳು ಅಂದುಕೊಂಡಿದ್ದಳು. ಒಂದು ಮನಸ್ಸಿನಲ್ಲಿ ನಗಲಿ ಎಂದೇ ಇತ್ತು.

"ನಮ್ಮ ಮಿಸೋ ಎರಡು ವರ್ಷ ಪೀಪಾಯಲ್ಲಿ ಕಲ್ಲಿನ ಭಾರದ ಕೆಳಗೆ ಇರತ್ತೆ," ಎಂದ ತಕುಜಿ. "ಮಧ್ಯ ಮುಚ್ಚಳ ತೆಗೆದು ಆಯ್ತಾ ಅಂತ ನೋಡೋ ಹಾಗಿಲ್ಲ. ಕಾಯೋದು ನನಗೆ ಅಭ್ಯಾಸ ಇದೆ. ನೀನು ನಿಧಾನವಾಗಿ ಪಳಗಿಸು."

ಹೇಳಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತ. ಅವನು ಒರಟನಾಗಿದ್ದರೆ, ಒಂದು ಕೆಟ್ಟ ಮಾತಾಡಿದ್ದರೆ, ಸುಮಿಯೆ ನಿವಾನನ್ನು ಜೀವನವಿಡೀ ಮನಸ್ಸಿನಲ್ಲಿ ಇಟ್ಟುಕೊಂಡು ಅದು ತನ್ನ ಹಕ್ಕೆಂದು ತಿಳಿಯುತ್ತಿದ್ದಳು. ಇವನು ಅಷ್ಟು ಆಸರೆಯನ್ನೂ ಉಳಿಸಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಅವಳು ಅತ್ತಳು, ತಡೆಯಿಲ್ಲದೆ. ಯಾಕೆಂದು ಅವನು ಕೇಳಿದಾಗ ಸದ್ದು ಇನ್ನೂ ಸರಿಯಾಗಿಲ್ಲವಲ್ಲ, ಅದಕ್ಕೆ ಎಂದಳು.

ಅವನು ಅದನ್ನು ನಂಬಿದ. ಮಾರನೆಯ ದಿನ ಅದೇ ಹೊತ್ತಿಗೆ, ತನ್ನ ಕೂರುವ ದಿಂಬನ್ನು ತಾನೇ ಎತ್ತಿಕೊಂಡು ಮತ್ತೆ ಬಂದ.